ಗಂಗಾಮಣಿಯ ಒಲೆಯಿಲ್ಲದ ಒಗ್ಗರಣೆ

“ನಾನೇನು ಸಿನಿಮಾದ ಹುಚ್ಚಿ ಅಲ್ಲ ಕಣೆ. ಹಾಕಿದ್ರೆ ಕೇಳ್ತೀನಿ, ಇಲ್ದಿದ್ರೆ ಇಲ್ಲ. ಆದ್ರೂ ನಂಗೊಂದು ಅರ್ಥ ಆಗಲ್ಲ. ಈ ಸಿನಿಮಾದೋರು ನಮ್ ಕಡೆ ಬಂದು ಕಾಫಿ ತೋಟದಲ್ಲಿ ಹಾಡು ತೆಗೀತಾರಲ್ಲ, ಆ ಹುಡುಗಿ ಎರಡೂ ಕೈ ಅಗಲಿಸ್ಕೊಂಡು ಗಿಡದ ಮಧ್ಯ ಓಡ್ತಾಳೆ. ಮೂವತ್ತೆರಡು ವರ್ಷದಿಂದ ನಾನು ಇದೇ ತೋಟದಲ್ಲಿ ಇದೀನಿ, ಒಂದಿನ ಓಡಿಲ್ಲ. ಓಡಿದ್ರೆ ಗೊತ್ತಾಗ್ತದೆ. ಒಂದ್ ಗಿಡಕ್ಕೆ ಸೆರಗು ಸಿಕ್ಕಾಕ್ಕಂತದೆ, ಇನ್ನೊಂದ್ ಗಿಡದಿಂದ ಕೆಂಜಿಗ ಕುತ್ತಿಗೆ ಒಳಕ್ಕೆ ಇಳೀತದೆ. ಆಮೇಲೆ ಕುಣಿಯೋದು ಐತೆ ನೋಡು, ಅದಕ್ಕೆ ಯಾವ ಮಾಸ್ಟ್ರೂ ಹೇಳ್ಕೊಡೋದು ಬ್ಯಾಡ. ಹೀರೋ ಬೇರೆ ಎಸ್ಟೇಟ್ ಓನರ್ ಅಂತೆ. ಬಿಳಿ ಪ್ಯಾಂಟು. ಮಳೇಲಿ ನೆನ್ಕಂಡು ಹಾಡ್ತಾನೆ, ರಕ್ತ ಹೀರಾಕೆ ಕಾಲಿಗೆ ಒಂದು ಇಂಬಳ ಹತ್ತಲ್ಲ. ಇಂಬಳಕ್ಕೂ ಗೊತ್ತಾಗೈತೆ ಇವ್ನು ದೊಡ್ ಹೀರೋ ಅಂತ. ಇನ್ನು ಆ ತಾಯಿ. ಹನ್ನೆರಡು ವರ್ಷ ಆದ್ಮೇಲೆ ಮಗ ಬಾಗ್ಲಲ್ಲಿ ಬಂದು ‘ಅಮ್ಮಾ’ ಅಂತಾನೆ, ಅವ್ಳು ಕೈಲಿದ್ದ ತಟ್ಟೆ ಬುಟ್ಬುಡ್ತಾಳೆ. ಠಣಾರ್ ಅಂತ ಬೀಳ್ತದೆ, ಆಮೇಲೆ ಗರಗರ ಸುತ್ತತದೆ, ಸುತ್ತತಾನೇ ಇರ್ತದೆ. ಅಕ್ಕಿ ಎಲ್ಲ ನೆಲದ ಪಾಲು. ಅದನ್ನ ಯಾರು ಗುಡ್ಸಿದ್ರು ಅಂತ ಒಂದ್ ಸಿನಿಮಾದಲ್ಲೂ ಇಲ್ಲ. ನಮ್ ಪ್ರತಾಪ ಎಷ್ಟ್ ದಿನ ಬಿಟ್ಟು ಬಂದ್ರೂ ನಾನು ತಟ್ಟೆ ಬುಡಲ್ಲಪ್ಪ. ಅಕ್ಕಿ ಆರ್ಸಿ ಮುಗ್ಸಿ ಎದ್ದೇಳ್ತೀನಿ. ಹೀರೋಗೆ ಸಿಟ್ಟು ಬಂತು ಅನ್ನು, ಸಿಡಿಲು ಹೊಡೀತದೆ, ಮರ ಮುರೀತದೆ, ಹದಿನೆಂಟು ಜನ ಡೋಲು ಬಾರಿಸ್ತಾರೆ. ನಂಗೆ ಸಿಟ್ಟು ಬಂದ್ರೆ ಒಲೆ ಮ್ಯಾಲೆ ಒಗ್ಗರಣೆ ಸ್ವಲ್ಪ ಜೋರಾಗಿ ಚುಂಯ್ ಅಂತದೆ. ಅಷ್ಟೇ. ಅದ್ರಲ್ಲೇ ಮನೆಯೋರು ಅರ್ಥ ಮಾಡ್ಕಬೇಕು.”

ಇಷ್ಟನ್ನೂ ಗಂಗಾಮಣಿ ಹೇಳಿದ್ದು ಮನೆ ಮುಂದಿನ ಕಣದ ಅಂಚಿನಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿದ್ದ ಕಾಫಿ ಬೀಜದಿಂದ ಕಪ್ಪು ಬೀಜ ಆರಿಸಿ ಎಸೆಯುತ್ತಾ. ಹೇಳಿದ್ದು ಸೊಸೆ ಸೌಜನ್ಯಳಿಗೆ. ಸೌಜನ್ಯ ಆಲೂರು ಕಡೆಯ ಕುಂದೂರಿನ ಹುಡುಗಿ, ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ಬಾಯಿ ತೆರೆದ ಕೂಡಲೇ ಅವಳು ಮೊಬೈಲನ್ನು ಮೊರದ ಪಕ್ಕದಲ್ಲಿ ಮಗುಚಿಟ್ಟು ಮಾತನ್ನೆಲ್ಲ ಅದರೊಳಗೆ ಹಿಡಿದುಕೊಂಡಿದ್ದಳು. ಅತ್ತೆಗೆ ಅದು ಗೊತ್ತಾದದ್ದು ಸಂಜೆ, ತನ್ನದೇ ದನಿ ಅಡುಗೆಮನೆಯ ಬಾಗಿಲಲ್ಲಿ ಕೇಳಿಸಿದಾಗ. ಬಯ್ಯಲಿಲ್ಲ. ಕೊನೆಯವರೆಗೂ ಕೇಳಿಸಿಕೊಂಡು, ತಟ್ಟೆ ಬೀಳುವ ಸದ್ದನ್ನು ಬಾಯಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು, ಹಲ್ಲಿಗೆ ನಾಲಿಗೆ ಸರಿಯಾಗಿ ತಾಗಲಿಲ್ಲ ಎಂದಳು.

ಗಂಗಾಮಣಿಯ ಊರು ಕಲ್ಲುಗದ್ದೆ. ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವಾಗ, ಹೊಂಗಡಹಳ್ಳ ಇನ್ನೆರಡು ಮೈಲಿ ಇದೆ ಅನ್ನುವಲ್ಲಿ ರಸ್ತೆಯಿಂದ ಎಡಕ್ಕೆ ಇಳಿದರೆ ಸಿಗುವ ಹನ್ನೊಂದು ಮನೆಯ ಊರು. ಮೂರು ಎಕರೆ ಕಾಫಿ, ಮನೆ ಕೆಳಗೆ ಒಂದಿಷ್ಟು ಗದ್ದೆ. ಗಂಡ ವೆಂಕಟೇಶ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯನ್ನು ಸಕಲೇಶಪುರದ ಟಾಕೀಸಿಗೆ ಕರೆದುಕೊಂಡು ಹೋಗಿದ್ದ. ಖಳನಾಯಕ ಹೀರೋನ ತಾಯಿಯನ್ನು ಕಂಬಕ್ಕೆ ಕಟ್ಟಿದ ಹೊತ್ತಿಗೆ ವಾಚು ನೋಡಿ, ಕೊನೇ ಬಸ್ಸಿನ ಟೈಮಾಯಿತು ಏಳು ಅಂದ. ಬಸ್ಸಿನಲ್ಲಿ ಕೇಳಿದ್ದಕ್ಕೆ, ಹೆಂಗೂ ಬಿಡಿಸ್ತಾನೆ ಬಿಡು ಅಂದ. ಆ ತಾಯಿಯನ್ನು ಕಂಬದಿಂದ ಬಿಚ್ಚಿದರೋ ಇಲ್ಲವೋ ಗಂಗಾಮಣಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಇನ್ನೆರಡು ಸಲ ಟಾಕೀಸಿಗೆ ಹೋದದ್ದುಂಟು. ಎರಡು ಸಲವೂ ಅದೇ ಬಸ್ಸು.

ಮನೆಗೆ ಟೀವಿ ಬಂದ ಮೇಲಾದರೂ ಸಿನಿಮಾದ ಕೊನೆ ಕಾಣುತ್ತೇನೆ ಅಂದುಕೊಂಡಳು. ಆದರೆ ಟೀವಿಯನ್ನು ಇಟ್ಟದ್ದು ನಡುಮನೆಯಲ್ಲಿ. ಅಡುಗೆಮನೆಗೂ ಅದಕ್ಕೂ ನಡುವೆ ಒಂದು ಮಣ್ಣಿನ ಗೋಡೆ. ನೋಡುವವರು ಆ ಕಡೆ ಕೂತು ನೋಡಿದರು, ಇವಳು ಈ ಕಡೆ ಒಲೆ ಮುಂದೆ ಕೂತು ಕೇಳಿದಳು. ಹಾಗೆ ಕೇಳಿ ಕೇಳಿಯೇ ಇಪ್ಪತ್ತೆರಡು ವರ್ಷ ಕಳೆದುಹೋಯಿತು. ಹೀರೋಗಳ ಮುಖ ಗುರುತು ಸಿಗುತ್ತಿರಲಿಲ್ಲ, ಕೆಮ್ಮಿದರೆ ಯಾರು ಅಂತ ಹೇಳುತ್ತಿದ್ದಳು. ಬೂಟು ನಿಧಾನ ನಡೆದರೆ ಖಳನಾಯಕ. ಗೆಜ್ಜೆ ಶಬ್ದ ಬಂದು ತಟ್ಟನೆ ನಿಂತರೆ ಹುಡುಗಿಗೆ ಹೀರೋ ಕಂಡ. ಪಿಟೀಲು ಶುರುವಾಯಿತೆಂದರೆ ಯಾರೋ ಸಾಯುತ್ತಾರೆ. ಆದರೆ ಅವರು ಅಷ್ಟು ಬೇಗ ಸಾಯುವುದಿಲ್ಲ, ಅಷ್ಟರಲ್ಲಿ ಅನ್ನ ಬಸಿದು ಬರಬಹುದು.

ಕೇಳಿದ್ದನ್ನು ಕಾಫಿ ಕುಯ್ಯುವಾಗ ಹೆಂಗಸರಿಗೆ ಮಾಡಿ ತೋರಿಸುತ್ತಿದ್ದಳು. ಬಾಯಲ್ಲೇ ಜೀಪು ಘಾಟಿ ಹತ್ತಿಸಿ, ತಿರುವಿನಲ್ಲಿ ಗೇರು ಬದಲಿಸಿ, ಹಳೇ ಬಂಗಲೆಯ ಬಾಗಿಲು ಕಿರ್ರನೆ ತೆಗೆಯುತ್ತಿದ್ದಳು. ತನ್ನ ಅತ್ತೆ ಬದುಕಿದ್ದಾಗ ಅವರ ಎದುರು ಮಾತ್ರ ಇದೆಲ್ಲ ಇರಲಿಲ್ಲ. ಅತ್ತೆ ಗಟ್ಟಿಗಿತ್ತಿ, ಎಲ್ಲವೂ ಅವರ ಕೈಯಲ್ಲೇ ಆಗಬೇಕು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಸೌಜನ್ಯಳಿಗೆ ಗಂಗಾಮಣಿಯಂಥ ಅತ್ತೆ ಸಿಕ್ಕಿದ್ದಕ್ಕೆ ಗುಡ್ಡದ ಮೇಲೆ ನೆಟ್‌ವರ್ಕ್ ಸಿಕ್ಕಿದಷ್ಟೇ ಸಂತೋಷವಾಯಿತು. ಅವಳಿಗೆ ಮೊಬೈಲಿನಲ್ಲಿ ಸಿನಿಮಾ ಕತ್ತರಿಸಿ ಅಂಟಿಸುವ ಕೆಲಸ ಬರುತ್ತಿತ್ತು. ‘ಕಣ ಟಾಕೀಸ್’ ಅಂತ ಹೆಸರಿಟ್ಟು, ದೊಡ್ಡ ದೊಡ್ಡ ಸಿನಿಮಾಗಳ ಅಣಕವನ್ನು ಎರಡು ಮೂರು ನಿಮಿಷದ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕತೊಡಗಿದಳು. ಹೀರೋ ಯಾರು ಅನ್ನುವ ಪ್ರಶ್ನೆಯೇ ಬರಲಿಲ್ಲ. ವೆಂಕಟೇಶನಿಗೆ ಎರಡೂ ಮಂಡಿ ನೋವು, ಅವನು ದಿನಾ ನಡೆಯುವುದೇ ಸ್ಲೋ ಮೋಷನ್. ಕಪ್ಪು ಕನ್ನಡಕ ಹಾಕಿ, ಹೆಗಲ ಮೇಲೆ ಗುದ್ದಲಿ ಇಟ್ಟು ಕಣದಲ್ಲಿ ನಡೆಸಿದರೆ ಬೇರೆ ಏನೂ ಬೇಕಿರಲಿಲ್ಲ. ಖಳನಾಯಕನಾಗಿ ಪಕ್ಕದ ಮನೆಯ ಮಹೇಶ್ ಬಂದ. ಆರಡಿ ಆಳು, ದೊಡ್ಡ ಮೀಸೆ, ಹೊಸ ಅಂಗಿಯ ಮೇಲೆ ಬಲು ಆಸೆ. ಹೀರೋ ಒಂದು ಬೆರಳಿನಿಂದ ಮುಟ್ಟಿದ ಕೂಡಲೇ ಅವನು ಹಾರಿ ಬೀಳಬೇಕಿತ್ತು. ಮಹೇಶ್ ಬೀಳುವ ಮುಂಚೆ ಒಂದು ನಿಮಿಷ ಅಂತ ಕೈ ತೋರಿಸಿ, ಗೋಣಿಚೀಲ ತಂದು ಹಾಸಿ, ಅಂಚು ಸರಿಮಾಡಿ, ಅದರ ಮೇಲೆ ಬಿದ್ದ. ಸೌಜನ್ಯ ಅದನ್ನು ಕತ್ತರಿಸದೆ ಹಾಗೇ ಬಿಟ್ಟಳು. ಜನ ನಕ್ಕದ್ದೆಲ್ಲ ಅಲ್ಲೇ.

ಮಗ ಪ್ರತಾಪನೊಬ್ಬನಿಗೆ ಇದು ಹಿಡಿಸಲಿಲ್ಲ. ಅವನು ಪಿಕಪ್ ಓಡಿಸುವವನು. ಗಾಡಿಯ ಮುಂದಿನ ಗಾಜಿನ ಅರ್ಧ ಭಾಗ ಅವನ ಮೆಚ್ಚಿನ ಹೀರೋನ ಚಿತ್ರ, ಉಳಿದರ್ಧದಲ್ಲಿ ರಸ್ತೆ ಕಾಣುತ್ತಿತ್ತು. ಆ ಹೀರೋ ಅವನಿಗೆ ಬಾಸ್.

“ನಮ್ ಬಾಸ್‌ನ ಆಡ್ಕೊಳ್ಳಾಕೆ ನಿಮ್ಗೆ ನಮ್ಮಪ್ಪನೇ ಸಿಕ್ಕಿದ್ನಾ?” ಎಂದು ಊಟದ ಹೊತ್ತಿನಲ್ಲಿ ಹೆಂಡತಿಯನ್ನು ಕೇಳಿದ. ಉತ್ತರ ಕೊಟ್ಟದ್ದು ಗಂಗಾಮಣಿ.

“ನಿಮ್ಮಜ್ಜಿ ನಡಿಯೋದನ್ನ ನೀನು ಸೊಂಟದ ಮ್ಯಾಲೆ ಕೈ ಇಟ್ಕಂಡು ನಡ್ದು ತೋರಿಸ್ತಿದ್ದೆಲ್ಲ. ಅಜ್ಜಿ ಮ್ಯಾಲೆ ಪ್ರೀತಿ ಇರ್ಲಿಲ್ವೇನೋ? ಹತ್ತು ಸಲ ನೋಡ್ದೋನಿಗೇ ಆಡ್ಕೊಳ್ಳಾಕೆ ಬರೋದು ಕಣೋ. ನಿಮ್ ಬಾಸ್ ಸಿನಿಮಾದಲ್ಲಿ ಹೊಡ್ತ ತಿಂದು ಬಿದ್ದೋರು ಆಮೇಲೆ ಎಲ್ಲಿಗೋಯ್ತರೆ ಅಂತ್ಲೇ ಗೊತ್ತಾಗಲ್ಲ. ನಮ್ದ್ರಲ್ಲಿ ಬಿದ್ದೋನು ಎದ್ದು ಒಂದ್ ಲೋಟ ಕಾಫಿ ಕೇಳ್ತಾನೆ.”

ಪ್ರತಾಪ ಮುಖ ಊದಿಸಿಕೊಂಡೇ ಇನ್ನೊಂದು ಕಡುಬು ಹಾಕಿಸಿಕೊಂಡ.

ಕಾಫಿ ಕುಯ್ಲು ಮುಗಿದು ಬಿಸಿಲು ಏರುವ ಹೊತ್ತಿಗೆ ಊರ ದೇವಿಯ ಸುಗ್ಗಿ ಹಬ್ಬ ಬರುತ್ತದೆ. ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಕಲ್ಲುಗದ್ದೆಯಲ್ಲಿ ಸುಗ್ಗಿ ಸಾರುತ್ತಾರೆ. ಸಾರಿದ ಮೇಲೆ ಹಸಿ ಕೊಂಬೆ ಕಡಿಯುವಂತಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ, ಯಾವ ಮನೆಯ ಒಲೆಯ ಮೇಲೂ ಒಗ್ಗರಣೆ ಹಾಕುವಂತಿಲ್ಲ. ದೇವಿ ಊರೊಳಗೆ ಬಂದು ಕೂತಿರುತ್ತಾಳೆ, ಆ ಚುಂಯ್ ಅನ್ನುವ ಸದ್ದು ಆಗಬಾರದು ಅನ್ನುವುದು ಹಿರಿಯರ ಮಾತು. ಬೇಯಿಸಿದ್ದು, ಅರೆದದ್ದು, ಸುಟ್ಟದ್ದು ತಿಂದು ಒಂಬತ್ತು ದಿನ ಕಳೆಯುತ್ತಾರೆ. ಹಬ್ಬದ ದಿನ ದೇವಿಗೆ ಇಡುವ ಎಡೆಯ ಅಡುಗೆ ವರ್ಷಕ್ಕೊಂದು ಮನೆಯ ಸರದಿ. ಹನ್ನೊಂದು ಮನೆ, ಹನ್ನೊಂದು ವರ್ಷಕ್ಕೊಮ್ಮೆ ಸರದಿ. ಆ ವರ್ಷ ಸರದಿ ಗಂಗಾಮಣಿಯ ಮನೆಯದು.

ಅವಳು ಈ ಮನೆಗೆ ಬಂದ ಮೇಲೆ ಇದು ಮೂರನೆಯ ಸರದಿ. ಮೊದಲನೆಯದರಲ್ಲಿ ಅತ್ತೆ ಅಡುಗೆ ಮಾಡಿದರು, ಇವಳು ತೆಂಗಿನಕಾಯಿ ತುರಿದಳು. ಎರಡನೆಯದರಲ್ಲಿ ಅತ್ತೆಗೆ ನಿಲ್ಲಲು ಆಗುತ್ತಿರಲಿಲ್ಲ, ಮಣೆಯ ಮೇಲೆ ಕೂತೇ ಅಡುಗೆ ಮಾಡಿದರು, ಇವಳು ಮತ್ತೆ ತೆಂಗಿನಕಾಯಿ ತುರಿದಳು. ಈಗ ಅವಳಿಗೆ ಐವತ್ತಾರು. ಮುಂದಿನ ಸರದಿಗೆ ಅರವತ್ತೇಳು. ಎಡೆಯ ಹಿತ್ತಾಳೆ ಪಾತ್ರೆಗಳನ್ನು ಹದಿನೈದು ದಿನ ಮೊದಲೇ ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಬಿಸಿಲಿಗೆ ಮಗುಚಿಟ್ಟಿದ್ದಳು. ಬಾಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ದಿನಕ್ಕೆರಡು ಸಲ ಹೋಗಿ ಆ ಪಾತ್ರೆಗಳನ್ನು ಮುಟ್ಟಿ ಬರುತ್ತಿದ್ದಳು.

ತಪ್ಪು ನಡೆದದ್ದು ಸಾರಿದ ಎರಡನೆಯ ದಿನ. ಅಡುಗೆ ಕೆಲಸ ಕಡಿಮೆ, ಮನೆಯಲ್ಲಿ ಎಲ್ಲರಿಗೂ ಬಿಡುವು. ಸೌಜನ್ಯ ಹೊಸ ಅಣಕಕ್ಕೆ ಹೊರಟಳು. ಅತ್ತೆ ಅವತ್ತು ಕಣದಲ್ಲಿ ಹೇಳಿದ ಮಾತೇ ಕಥೆ: ಹೀರೋಗೆ ಸಿಟ್ಟು ಬಂದಾಗಲೆಲ್ಲ ಸಿಡಿಲಿನ ಬದಲು ಒಗ್ಗರಣೆ ಸದ್ದು. ಮಹೇಶ್ ತೊಡೆ ತಟ್ಟುತ್ತಾನೆ, ವೆಂಕಟೇಶ ಕನ್ನಡಕ ತೆಗೆಯುತ್ತಾನೆ, ಚುಂಯ್. ಸೌಜನ್ಯಳ ತವರಿನ ಕಡೆ ಈ ಪದ್ಧತಿ ಇಲ್ಲ, ಅವಳಿಗೆ ಇದು ಮೊದಲ ಸುಗ್ಗಿ. ನಿಜವಾದ ಒಗ್ಗರಣೆ ಹಾಕಬಾರದು ಅಂತ ಗೊತ್ತಿತ್ತು. ಸುಳ್ಳಿನ ಒಗ್ಗರಣೆಗೆ ಏನು ತೊಂದರೆ ಅಂತ ಅವಳಿಗೆ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಗಂಗಾಮಣಿಗೆ. ಆದರೆ ಈ ಸದ್ದು ಮಾಡೋಕೆ ಆಗುತ್ತಾ ಅತ್ತೆ ಅಂತ ಸೊಸೆ ಕೇಳಿದ ಮೇಲೆ ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ. ಮಧ್ಯಾಹ್ನವೆಲ್ಲ ಅದನ್ನೇ ಹುಡುಕಿದಳು. ಮೊರವನ್ನು ಓರೆ ಹಿಡಿದು ಅದರ ಮೇಲೆ ಒಂದು ಹಿಡಿ ರಾಗಿ ಜಾರಿಸಿದರೆ ಎಣ್ಣೆಯ ಸದ್ದು. ಒಣಗಿದ ಅಡಿಕೆ ಹಾಳೆಯನ್ನು ಉಗುರಿನಿಂದ ಚಿಮ್ಮಿದರೆ ಸಾಸಿವೆ. ಕೊನೆಯ ಚುಂಯ್ ಮಾತ್ರ ಬಾಯಲ್ಲೇ, ಮುಂದಿನ ಹಲ್ಲಿನ ಸಂದಿಯಲ್ಲಿ.

ಸಾರಿದ ನಾಲ್ಕನೆಯ ದಿನ ಬೆಳಿಗ್ಗೆ ಸೌಜನ್ಯ ಅದನ್ನು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಊರಿನ ಹನ್ನೊಂದು ಮನೆಯಲ್ಲೂ ವೆಂಕಟೇಶನಿಗೆ ಸಿಟ್ಟು ಬರುತ್ತಿತ್ತು.

ಮಾರನೆಯ ದಿನ ರಾಜಲಕ್ಷ್ಮಮ್ಮ ಬಂದರು. ಅವರು ಮಹೇಶನ ತಾಯಿ, ಅರವತ್ತೆಂಟು ವರ್ಷ, ಊರಿಗೆಲ್ಲ ರಾಜಕ್ಕ. ಮಗ ಸಿನಿಮಾದಲ್ಲಿ ಇದ್ದಾನೆ ಅಂತ ಅವನ ಮೊಬೈಲು ಕಿತ್ತುಕೊಂಡು ಇಪ್ಪತ್ತು ಸಲ ನೋಡಿದ್ದರು. ಮೊದಲ ಹತ್ತು ಸಲ ಮಗನ ಮೀಸೆ ನೋಡಿದರು. ಆಮೇಲೆ ಕೇಳತೊಡಗಿದರು. ಜಗಲಿಯ ಮೇಲೆ ಕೂರದೆ ನಿಂತೇ ಮಾತಾಡಿದರು.

“ಗಂಗೂ, ನಾನು ಒಂದ್ ಕೇಳ್ತೀನಿ, ಸುಳ್ಳು ಹೇಳ್ಬ್ಯಾಡ. ಅದ್ರಲ್ಲಿ ನಮ್ ಮಹೇಶನೂ ನಿಮ್ಮನೆಯೋರೂ ಬರಿಗಾಲಲ್ಲಿ ಅವ್ರೆ. ಅಂದ್ರೆ ಸಾರಿದ ಮ್ಯಾಲೆ ತೆಗ್ದಿರೋದು. ಒಗ್ಗರಣೆ ಯಾರ್ ಹಾಕಿದ್ದು?”

ಗಂಗಾಮಣಿ ನಕ್ಕಳು. ಅದು ಒಗ್ಗರಣೆಯಲ್ಲ, ರಾಗಿ ಮತ್ತು ಹಾಳೆ ಅಂದಳು. ರಾಜಕ್ಕ ನಗಲಿಲ್ಲ.

“ಐವತ್ತು ವರ್ಷದಿಂದ ಒಗ್ಗರಣೆ ಹಾಕ್ತಾ ಇದೀನಿ. ಸಾಸ್ವೆ ಸಿಡಿಯೋದು ನಂಗೆ ಗೊತ್ತಾಗಲ್ವಾ? ಕರಿಬೇವು ಬಿದ್ದದ್ದೂ ಕೇಳ್ತು ಕಣೆ. ಹಸಿ ಕರಿಬೇವು.”

ಆ ಮಾತು ಕೇಳಿ ಗಂಗಾಮಣಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಹೆದರಬೇಕು ಅನ್ನುವುದು ಸ್ವಲ್ಪ ಹೊತ್ತು ಮರೆತೇಹೋಯಿತು. ಕರಿಬೇವಿಗೆ ಅಂತ ಅವಳು ಏನೂ ಮಾಡಿರಲಿಲ್ಲ. ಅದು ಕೇಳುವವರ ಕಿವಿಯಲ್ಲೇ ಬಿದ್ದಿತ್ತು. ರಾಜಕ್ಕ ಹೋದ ಮೇಲೆ ನಿಧಾನವಾಗಿ ಹೆದರಿಕೆ ಹತ್ತಿತು. ಸಾರಿದ ಮೇಲೆ ಒಗ್ಗರಣೆ ಹಾಕಿದ ಮನೆಯವರು ಎಡೆಗೆ ಕೈ ಹಾಕುವಂತಿಲ್ಲ. ಸರದಿ ಮುಂದಿನ ಮನೆಗೆ ಹೋಗುತ್ತದೆ. ಮುಂದಿನ ಮನೆ ರಾಜಕ್ಕನದೇ. ಅದಕ್ಕೇ ರಾಜಕ್ಕನಿಗೂ ಸಂಕಟ. ಹೇಳದೆ ಬಿಟ್ಟರೆ ದೇವಿಗೆ ತಪ್ಪು, ಹೇಳಿದರೆ ಸರದಿ ಕಿತ್ತುಕೊಳ್ಳಲು ಹೇಳಿದಳು ಅಂತ ಊರು ಆಡಿಕೊಳ್ಳುತ್ತದೆ. ಕೊನೆಗೆ ಅವರು ನೇರವಾಗಿ ಊರಿನ ಹಿರಿಯ ಗೌಡಜ್ಜನಿಗೆ ಹೇಳಿದರು. ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಗುಡಿಯ ಕಟ್ಟೆ ಹತ್ತಿರ ಬರಬೇಕು ಅಂತ ಗೌಡಜ್ಜ ಎಲ್ಲ ಮನೆಗೂ ಹೇಳಿಕಳಿಸಿದರು.

ಅವತ್ತು ಸೌಜನ್ಯ ಅಳುಮುಖ ಮಾಡಿಕೊಂಡು, ಎಲ್ಲ ನನ್ನಿಂದ ಆಯಿತು, ಅದನ್ನು ತೆಗೆದುಹಾಕುತ್ತೇನೆ ಅಂದಳು. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಇರಲಿ ಬಿಡು ಅಂದಳು ಗಂಗಾಮಣಿ. ಪ್ರತಾಪ ಪಿಕಪ್ ಒರೆಸುತ್ತಾ, ಬಾಸ್ ಸುದ್ದಿಗೆ ಹೋದರೆ ಹೀಗೇ ಆಗುವುದು ಅಂದ. ವೆಂಕಟೇಶ, ಅಲ್ಲಿಯೇ ಮಾಡಿ ತೋರಿಸು ಅಂದ. ಮೂವತ್ತೆರಡು ವರ್ಷದಲ್ಲಿ ಅವನು ಕೊಟ್ಟ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ಗಂಗಾಮಣಿ ಆಮೇಲೆ ಹೇಳುತ್ತಿದ್ದಳು.

ಕಟ್ಟೆಯ ಹತ್ತಿರ ಮನೆಗೆ ಇಬ್ಬರು ಮೂವರಂತೆ ಜನ ಸೇರಿದ್ದರು. ಎಲ್ಲರೂ ಬರಿಗಾಲು. ಗೌಡಜ್ಜನಿಗೆ ಒಂದು ಕಿವಿ ಮಂದ. ಮೊಬೈಲನ್ನು ಚೆನ್ನಾಗಿ ಕೇಳುವ ಕಿವಿಗೆ ಹಿಡಿದು ಎರಡು ಸಲ ಕೇಳಿದರು. ಮೂರನೆಯ ಸಲ ಎಲ್ಲರಿಗೂ ಜೋರಾಗಿ ಕೇಳಿಸಿದರು. ಹೆಂಗಸರೆಲ್ಲ ತಲೆಯಾಡಿಸಿದರು. ಒಗ್ಗರಣೆಯೇ, ಸಂದೇಹವಿಲ್ಲ. ಎಣ್ಣೆ ಸ್ವಲ್ಪ ಜಾಸ್ತಿಯಾಯಿತು ಅಂತಲೂ ಒಬ್ಬರು ಅಂದರು. ಗಂಗಾಮಣಿ ಎಷ್ಟು ಚೆನ್ನಾಗಿ ಮಾಡಿದ್ದಳೋ ಅಷ್ಟೂ ಅವಳಿಗೇ ತಿರುಗಿಕೊಂಡಿತ್ತು.

ಅವಳು ಮನೆಯಿಂದ ತಂದಿದ್ದ ಮೊರ, ರಾಗಿ, ಹಾಳೆ ಮೂರನ್ನೂ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಳು. ಸುತ್ತಲೂ ಕಣ್ಣು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಮೊರ ಓರೆ ಮಾಡಿದಳು, ರಾಗಿ ಜಾರಿತು. ರಾಗಿ ಜಾರಿದ ಸದ್ದೇ ಬಂತು. ಹಾಳೆ ಚಿಮ್ಮಿದಳು, ಟಕ್ ಅಂದಿತು. ಬಾಯಿಯ ಚುಂಯ್‌ಗೆ ಉಸಿರು ಸಾಲದೆ ಅದು ಪಂಕ್ಚರ್ ಆದ ಸೈಕಲ್ಲಿನ ಹಾಗೆ ಹೊರಟು ಅರ್ಧಕ್ಕೆ ನಿಂತಿತು. ಹಿಂದಿನಿಂದ ಯಾರೋ ನಕ್ಕರು. ಇದು ರಾಗಿ ಕೇರಿದ ಸದ್ದು, ಅದು ಒಗ್ಗರಣೆ, ಎರಡೂ ಒಂದೇ ಅಲ್ಲ ಅಂತ ಇನ್ಯಾರೋ ಅಂದರು. ಗಂಗಾಮಣಿ ಮೊರ ಇಳಿಸುವಾಗ ಒಂದಿಷ್ಟು ರಾಗಿ ಕಟ್ಟೆಯ ಸಂದಿಗೆ ಬಿತ್ತು. ಬಿಸಿಲಿಗೆ ಮಗುಚಿಟ್ಟ ಪಾತ್ರೆಗಳು ಕಣ್ಣ ಮುಂದೆ ಬಂದವು. ಅವುಗಳನ್ನು ಬಳಸದೆ ಹಾಗೇ ಮತ್ತೆ ಅಟ್ಟಕ್ಕೆ ಏರಿಸಬೇಕಾಗುತ್ತದೆ.

ಗೌಡಜ್ಜ ಏನೋ ಹೇಳಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಗಂಗಾಮಣಿಗೆ ಅಡುಗೆಮನೆಯ ಗೋಡೆ ನೆನಪಾಯಿತು. ಇಪ್ಪತ್ತೆರಡು ವರ್ಷ ಅವಳು ಒಂದು ಸಿನಿಮಾವನ್ನೂ ನೋಡಿ ಕೇಳಿದವಳಲ್ಲ.

“ಅಜ್ಜ, ಇನ್ನೊಂದ್ ಸಲ ಮಾಡ್ತೀನಿ. ಆದ್ರೆ ಎಲ್ರೂ ಆ ಕಡೆ ತಿರುಗಿ ಕೂತ್ಕಬೇಕು. ನೋಡ್ತಾ ಇದ್ರೆ ರಾಗಿನೇ ಕಾಣ್ತದೆ. ನೋಡ್ದೆ ಇದ್ರೆ ಒಗ್ಗರಣೆ ಕೇಳ್ತದೆ.”

ಗೌಡಜ್ಜ ಯೋಚಿಸಿದರು. ಆಮೇಲೆ ತಾವೇ ಮೊದಲು ಎದ್ದು, ಗುಡಿಯ ಕಡೆ ಮುಖ ಮಾಡಿ ಕೂತರು. ಉಳಿದವರೂ ತಿರುಗಿದರು. ರಾಜಕ್ಕ ತಿರುಗಿದ್ದಷ್ಟೇ ಅಲ್ಲ, ಕಣ್ಣನ್ನೂ ಮುಚ್ಚಿಕೊಂಡರು. ಅವರು ಮಾಡಿದ್ದನ್ನೆಲ್ಲ ಪೂರ್ತಿ ಮಾಡುವವರು.

ಗಂಗಾಮಣಿ ಆತುರಪಡಲಿಲ್ಲ. ಎಣ್ಣೆ ಕಾಯುವಷ್ಟು ಹೊತ್ತು ಸುಮ್ಮನೆ ಕೂತಳು. ಆಮೇಲೆ ಉಗುರಿನಿಂದ ಹಾಳೆಯನ್ನು ಒಂದು ಸಲ ಚಿಮ್ಮಿದಳು. ಒಂದು ಸಾಸಿವೆ. ಸ್ವಲ್ಪ ತಡೆದು ಎರಡು. ಆಮೇಲೆ ನಾಲ್ಕೈದು ಒಟ್ಟಿಗೆ, ಒಂದರ ಮೇಲೊಂದು. ಅದರ ಕೆಳಗೆ ಮೊರದಲ್ಲಿ ರಾಗಿ ಸಣ್ಣಗೆ ಜಾರತೊಡಗಿತು. ಸಾಸಿವೆ ಪಟಪಟ ಸಿಡಿಯಿತು, ಇನ್ನೂ ಸಿಡಿಯಿತು. ಎಲ್ಲ ಬೆನ್ನುಗಳೂ ಅಲ್ಲಾಡದೆ ಕೂತಿದ್ದವು. ಅವಳಿಗೆ ಈಗ ಭಯ ಹೋಗಿ ಒಂದು ಬಗೆಯ ಚೇಷ್ಟೆ ಬಂದಿತ್ತು. ಸಾಸಿವೆ ಸಾಕಾದ ಮೇಲೂ ಅವಳು ನಿಲ್ಲಿಸಲಿಲ್ಲ. ಸಿಡಿತ ಕಡಿಮೆಯಾಗಿ, ಎಣ್ಣೆ ಬರೀ ಚರಚರ ಅನ್ನುವ ಹಂತಕ್ಕೆ ತಂದು, ಅಲ್ಲಿಯೇ ಹಿಡಿದು, ಹಿಡಿದೇ ಇಟ್ಟಳು.

ರಾಜಕ್ಕ ಕೂತಲ್ಲೇ ಚಡಪಡಿಸಿದರು. ಕೈ ತಾನಾಗಿ ಸೆರಗಿಗೆ ಹೋಯಿತು, ಬಿಸಿ ಬಾಣಲೆ ಹಿಡಿಯಲು ಮಡಿಸುವ ಹಾಗೆ ಸೆರಗಿನ ತುದಿಯನ್ನು ಮಡಿಸಿತು.

“ಸೀದೋಯ್ತದೆ ಗಂಗೂ, ಇಳ್ಸು” ಅಂದರು.

ಗಂಗಾಮಣಿ ಹಲ್ಲಿನ ಸಂದಿಯಿಂದ ಚುಂಯ್ ಅನ್ನಿಸಿ ಇಳಿಸಿದಳು.

ಆಮೇಲೆ ಗೌಡಜ್ಜನ ಬೆನ್ನು ಕುಲುಕತೊಡಗಿತು. ಅವರು ನಗುತ್ತಿದ್ದರು. ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಕಟ್ಟೆಯ ಮೇಲೆ ಒಲೆ ಇಲ್ಲ, ಬಾಣಲೆ ಇಲ್ಲ, ಮೊರ ಹಿಡಿದು ಕೂತ ಗಂಗಾಮಣಿ ಇದ್ದಳು. ರಾಜಕ್ಕ ಮಡಿಸಿದ ಸೆರಗನ್ನು ಬಿಚ್ಚಿ, ಕೊಡವಿಕೊಂಡು, ಮತ್ತೆ ಹೆಗಲಿಗೆ ಹಾಕಿಕೊಂಡರು.

“ಐವತ್ತು ವರ್ಷದ ಕಿವಿ ಐತೆ ಅಂದೆನಲ್ಲ,” ಎಂದರು, ಯಾರ ಮುಖವನ್ನೂ ನೋಡದೆ. “ಆ ಕಿವಿಗೇ ಮೋಸ ಮಾಡ್ಬುಟ್ಲು ಮಾರಾಯ್ತಿ. ಅಜ್ಜ, ನನ್ ಸರದಿ ಬರೋ ವರ್ಷ ಐತೆ. ನಂಗೇನೂ ಅವಸರ ಇಲ್ಲ.”

ಗೌಡಜ್ಜ ಕಣ್ಣೊರೆಸಿಕೊಂಡು ತೀರ್ಮಾನ ಹೇಳಿದರು. ಒಲೆ ಹೊತ್ತಿಲ್ಲ, ಎಣ್ಣೆ ಕಾದಿಲ್ಲ, ಆದ್ದರಿಂದ ಸರದಿ ಗಂಗಾಮಣಿಯದೇ. ಆದರೆ ದೇವಿ ಬೇಡ ಅಂದದ್ದು ಸದ್ದು. ಅವಳು ಕೂಡ ಬೆನ್ನು ತಿರುಗಿಸಿ ಕೂತಿದ್ದರೆ ಏನು ಮಾಡುವುದು? ಹಾಗಾಗಿ ಹಬ್ಬ ಮುಗಿಯುವವರೆಗೆ ಆ ಸಿನಿಮಾ ಯಾರ ಮೊಬೈಲಿನಲ್ಲೂ ಓಡಬಾರದು, ಗಂಗಾಮಣಿ ಆ ಹಾಳೆಯನ್ನು ಮುಟ್ಟಬಾರದು. ಸೌಜನ್ಯ ಅಲ್ಲೇ ನಿಂತು ಅದನ್ನು ತೆಗೆದುಹಾಕಿದಳು. ತೆಗೆಯುವ ಮುಂಚೆ ಪ್ರತಾಪ, ಒಂದ್ಸಲ ಕೊಡು ಅಂತ ಇಸಕೊಂಡು ಸದ್ದು ಪೂರ್ತಿ ಇಳಿಸಿ ನೋಡಿದ. ಅಪ್ಪ ಕನ್ನಡಕ ತೆಗೆಯುವುದು ಬಾಸ್‌ಗಿಂತ ಏನೂ ಕಡಿಮೆ ಇಲ್ಲ ಅಂತ ಹೆಂಡತಿಯ ಕಿವಿಯಲ್ಲಿ ಮಾತ್ರ ಹೇಳಿದ.

ಇಳಿಜಾರಿನಲ್ಲಿ ಮನೆಗೆ ಹೋಗುವಾಗ ರಾಜಕ್ಕ ಹಿಂದಿನಿಂದ ಬಂದು ಗಂಗಾಮಣಿಯ ಜೊತೆ ಸೇರಿಕೊಂಡರು. ಮುಂದಿನ ಸಿನಿಮಾದಲ್ಲಿ ತಟ್ಟೆ ಬೀಳಿಸುವ ತಾಯಿ ಇದ್ದಾಳಂತಲ್ಲ ಎಂದರು. ಇದ್ದಾಳೆ ಅಂದಳು ಗಂಗಾಮಣಿ. ಯಾರು ಮಾಡುತ್ತಾರೆ ಅಂತ ಕೇಳಿದರು. ಇನ್ನೂ ಯಾರೂ ಸಿಕ್ಕಿಲ್ಲ ಅಂದಳು.

“ತಟ್ಟೆ ನಾನು ಬುಡ್ತೀನಿ. ಆದ್ರೆ ಅಕ್ಕಿ ಬ್ಯಾಡ, ಹೊಟ್ಟು ಹಾಕು. ಆಮೇಲೆ ಗುಡ್ಸೋದನ್ನೂ ತೆಗೀರಿ. ಗುಡ್ಸದೆ ನಾನು ಎದ್ದು ಬರೋಳಲ್ಲ.”

ಹಬ್ಬದ ದಿನ ಗಂಗಾಮಣಿ ಬೆಳಗಿನ ಜಾವ ಎದ್ದು, ತಲೆಗೆ ನೀರು ಹಾಕಿಕೊಂಡು, ಎಡೆಯ ಅಡುಗೆ ಮಾಡಿದಳು. ಅಕ್ಕಿ ಕಡುಬು, ಕಾಯಿಹಾಲು, ಬೆಲ್ಲದ ಪಾಯಸ. ಈ ಸಲ ತೆಂಗಿನಕಾಯಿ ತುರಿದದ್ದು ಸೌಜನ್ಯ. ಪಾಯಸದ ಸೌಟು ಕೈಯಲ್ಲಿ ಹಿಡಿದಾಗ ಗಂಗಾಮಣಿ, ತೀರಿಹೋದ ಅತ್ತೆ ಮಣೆಯ ಮೇಲಿಂದ ಏನಾದರೂ ಹೇಳಿಯಾರು ಅಂತ ಒಂದು ಗಳಿಗೆ ಕಾದಳು. ಯಾರೂ ಏನೂ ಹೇಳಲಿಲ್ಲ. ಬೆಲ್ಲ ಇನ್ನೊಂದು ಅಚ್ಚು ಬೇಕು ಅನಿಸಿತು, ಯಾರನ್ನೂ ಕೇಳದೆ ಹಾಕಿದಳು. ಎಡೆ ಹೊತ್ತುಕೊಂಡು ಗುಡಿಗೆ ಹೋಗುವಾಗ ವೆಂಕಟೇಶ ಮುಂದೆ ನಡೆದ, ಅವನ ಮಂಡಿಯ ವೇಗದಲ್ಲೇ. ಇಡೀ ಊರು ಅವನ ಹಿಂದೆ ಸ್ಲೋ ಮೋಷನ್ನಿನಲ್ಲಿ ಬಂತು.

ಮರುದಿನ ಬೆಳಿಗ್ಗೆ ಊರಿನಲ್ಲಿ ಚಪ್ಪಲಿಗಳು ಹೊರಬಂದವು. ಹಿತ್ತಲಿನಲ್ಲಿ ಕತ್ತಿ ಆಡಿತು. ಗಂಗಾಮಣಿ ಎಡೆಯ ಪಾತ್ರೆಗಳನ್ನು ತೊಳೆದು, ಒರೆಸಿ, ಅಟ್ಟಕ್ಕೆ ಏರಿಸಿದಳು. ಬಸಳೆ ಸೊಪ್ಪಿನ ಹುಳಿ ಒಲೆಯ ಮೇಲೆ ಕುದಿಯುತ್ತಿತ್ತು. ಸೌಜನ್ಯ ಮೊಬೈಲು ಹಿಡಿದು ಪಕ್ಕದಲ್ಲಿ ನಿಂತಳು. ನಿಜವಾದ ಒಗ್ಗರಣೆಯನ್ನು ಹಿಡಿದಿಟ್ಟುಕೊಂಡು ಅತ್ತೆಯ ರಾಗಿ ಒಗ್ಗರಣೆಯ ಜೊತೆ ಹೋಲಿಸಬೇಕು ಅಂತ ಅವಳ ಆಸೆ. ಗಂಗಾಮಣಿ ಹುಳಿಗೆ ಒಗ್ಗರಣೆ ಹಾಕಿದಾಗ ಹಿಡಿದು ಕೇಳಿದರೆ, ಮೊಬೈಲಿನಲ್ಲಿ ಯಾರೋ ಕಾಗದ ಮುದುಡಿದ ಹಾಗೆ ಕೇಳಿತು. ಇನ್ನೊಂದು ಸಲ ಹಾಕಿ ಅತ್ತೆ ಅಂದಳು ಸೌಜನ್ಯ.

“ಹುಳಿಗೆ ಎಷ್ಟ್ ಸಲ ಒಗ್ಗರಣೆ ಹಾಕೋದೆ? ಪಲ್ಯಕ್ಕೆ ಹಾಕ್ತೀನಿ ಬಾ” ಎಂದಳು ಗಂಗಾಮಣಿ.

ನಡುಮನೆಯಲ್ಲಿ ಪ್ರತಾಪ ಟೀವಿ ಹಾಕಿದ್ದ. ಪಿಟೀಲು ಶುರುವಾಗಿತ್ತು. ಗಂಗಾಮಣಿ ಗೋಡೆಯ ಕಡೆ ಒಂದು ಕಿವಿ ಕೊಟ್ಟು, ಬಾಣಲೆಯನ್ನು ಒಲೆಗೆ ಇಟ್ಟಳು. ಎಣ್ಣೆ ಕಾಯಲು ಬಿಟ್ಟು, ಬಗ್ಗಿಸಿಟ್ಟಿದ್ದ ಅನ್ನದ ಪಾತ್ರೆಯನ್ನು ಎತ್ತಿ ನಿಲ್ಲಿಸಿ ಮುಚ್ಚಿದಳು. ಸಾಸಿವೆ ಡಬ್ಬಿ ತೆಗೆದು ಎರಡು ಬೆರಳಲ್ಲಿ ಒಂದಿಷ್ಟು ಹಾಕಿ, ಸಿಡಿದು ನಿಂತ ಮೇಲೆ ಕರಿಬೇವು ಕಿತ್ತು ಹಾಕಿ, ಹೆಚ್ಚಿಟ್ಟ ಬೀನ್ಸನ್ನು ಅದರ ಮೇಲೆ ಸುರಿದು, ಉಪ್ಪು ಉದುರಿಸಿ, ತಟ್ಟೆ ಮುಚ್ಚಿದಳು.